ಹೊಟ್ಟೆಗೆ ಕಟ್ಟಿದ ತವರು

ಪಟ್ಟಿಯನ್ನು ಸುತ್ತಿ ಗುಂಡಿ ಹಾಕಿದ ಕೂಡಲೇ ಅದು ಮಾತಾಡುತ್ತದೆ. "ಹೆಂಗದೀರಿ? ಉಂಡ್ರ್ಯಾ?" ಎಂದು ಕೇಳುತ್ತದೆ. ಆ ದನಿ ನನ್ನದು.

ನಾನು ಕೆಲಸ ಮಾಡುವ ಬಾಣಂತಿ ಕೇಂದ್ರದಲ್ಲಿ ಹದಿನಾಲ್ಕು ಮಂದಿಯ ದನಿ ಮುದ್ರಿಸಿಕೊಂಡಿದ್ದರು. ಹೆಚ್ಚು ಓದಿದವರ ದನಿಗಳೆಲ್ಲ ಬಸ್ ನಿಲ್ದಾಣದ ಪ್ರಕಟಣೆಯಂತೆ ಕೇಳಿಸಿದವಂತೆ. ನನ್ನದನ್ನು ಕೇಳಿ ಡಾಕ್ಟರ್ ಮುಕ್ತಾ ಮೇಡಂ, "ಬಾಜೂ ಮನಿಯಾಕಿ ಕಟ್ಟಿಗೆ ಬಂದು ಕುಂತು ಕೇಳಿದಂಗ ಐತಿ. ಇದ ಇರಲಿ" ಎಂದರು. ನಾನು ಹಿಗ್ಗಬೇಕಾಗಿತ್ತು. ಸ್ವಲ್ಪ ಹೊತ್ತು ಹಿಗ್ಗಿದೆ ಕೂಡ. ಆಮೇಲೆ ಮನೆಗೆ ನಡೆದು ಬರುವಾಗ, ಇನ್ನು ಮೇಲೆ ಸಾವಿರಾರು ಹೆಂಗಸರನ್ನು ನಾನು ಉಂಡಿರಾ ಎಂದು ಕೇಳುತ್ತಿರುತ್ತೇನೆ, ನನ್ನ ಬಾಣಂತನದಲ್ಲಿ ನನ್ನನ್ನು ಒಬ್ಬರೂ ಕೇಳಿರಲಿಲ್ಲವಲ್ಲ ಎನ್ನಿಸಿತು. ಹೊಟ್ಟೆಕಿಚ್ಚು ಎಂದರೆ ಧಗಧಗ ಉರಿಯುವಂಥದ್ದು ಎಂದು ತಿಳಿದಿದ್ದೆ. ಹಾಗಲ್ಲ. ಅದು ಚಪ್ಪಲಿಯೊಳಗೆ ಸೇರಿದ ಹರಳಿನ ಹಾಗೆ. ನಡೆದಾಗಲೆಲ್ಲ ಒತ್ತುತ್ತದೆ, ನಿಂತರೆ ಇಲ್ಲವೇ ಇಲ್ಲ ಎನ್ನಿಸುತ್ತದೆ.

ಆ ಪಟ್ಟಿಗೆ ಉದ್ದನೆಯ ಸರಕಾರಿ ಹೆಸರೊಂದಿದೆ. ಎಲ್ಲರೂ ಕರೆಯುವುದು ತವರು ಪಟ್ಟಿ ಎಂದು. ಬಾಣಂತಿಯ ಹೊಟ್ಟೆಯನ್ನು ಹಳೆಯ ಸೀರೆಯ ತುಂಡಿನಿಂದ ಬಿಗಿದು ಕಟ್ಟುವುದು ನಮ್ಮಲ್ಲಿ ಮೊದಲಿನಿಂದ ಇರುವ ಪದ್ಧತಿ. ಆ ಬಟ್ಟೆಗೇ ಬುದ್ಧಿ ಬಂದರೆ ಏನಾದೀತು ಎಂದು ಯಾರೋ ಯೋಚಿಸಿದ್ದಾರೆ. ಬೆಟಗೇರಿಯ ಮಗ್ಗಗಳಲ್ಲೇ ಅದನ್ನು ನೇಯುತ್ತಾರೆ. ಹತ್ತಿ ನೂಲಿನ ಜೊತೆ ಕೂದಲಿಗಿಂತ ಸಣ್ಣ ತಂತಿಯ ಎಳೆಗಳಿರುತ್ತವೆ. ನಾಡಿ, ಮೈಬಿಸಿ, ಉಸಿರು, ಗರ್ಭಕೋಶ ಕುಗ್ಗಿ ಗಟ್ಟಿಯಾಗುತ್ತಿದೆಯೋ ಇಲ್ಲವೋ, ಎಲ್ಲ ಅವುಗಳಿಗೆ ತಿಳಿಯುತ್ತದೆ. ಬೋರೆಹಣ್ಣಿನಷ್ಟು ದಪ್ಪದ ಡಬ್ಬಿಯೊಂದು ಅದನ್ನು ಕೇಂದ್ರಕ್ಕೆ ಕಳಿಸುತ್ತದೆ. ದಿನಕ್ಕೆ ನಾಲ್ಕಾರು ಸಲ ಪಟ್ಟಿ ಸೊಂಟದ ಹತ್ತಿರ ತಾನಾಗಿ ಬೆಚ್ಚಗಾಗುತ್ತದೆ, ಯಾರೋ ಅಂಗೈ ಇಟ್ಟ ಹಾಗೆ. ತವರಿಲ್ಲದವರಿಗೆ, ತವರಿದ್ದೂ ಅಲ್ಲಿ ಗತಿಯಿಲ್ಲದವರಿಗೆ, ಹೆತ್ತ ಹತ್ತೇ ದಿನಕ್ಕೆ ಕೂಲಿಗೆ ಮರಳಬೇಕಾದವರಿಗೆ ನಲವತ್ತೆರಡು ದಿನ ಕೊಡುತ್ತಾರೆ.

ಮೊದಲ ವರ್ಷದ ಪಟ್ಟಿಗಳಲ್ಲಿ ಎಲ್ಲ ಹೆಂಗಸರಿಗೂ ಒಂದೇ ಗೆರೆ ಇತ್ತು. ನಾಡಿ ಇಷ್ಟು ದಾಟಿದರೆ, ಬಿಸಿ ಇಷ್ಟು ದಾಟಿದರೆ ಕೂಗಬೇಕು ಎಂದು. ನಮ್ಮ ಕಡೆ ಬಾಣಂತಿಗೆ ಸುಡುವ ನೀರು ಎರೆದು, ಹೊರಸಿನ ಕೆಳಗೆ ಕೆಂಡವಿಟ್ಟು ಕಾಯಿಸುತ್ತಾರೆ. ಪಟ್ಟಿಗಳು ದಿನವೂ ಕೂಗಿದವು. ಎರಡು ವಾರದಲ್ಲಿ ಅತ್ತೆಯಂದಿರು ಡಬ್ಬಿ ಕಿತ್ತು ಜೋಳದ ಚೀಲದಲ್ಲಿ ಹೂತಿಟ್ಟರು. ಆಮೇಲೆ ನಮ್ಮ ಇಂಜಿನಿಯರ್ ಫಕ್ಕೀರೇಶ ಸರ್ ಬೇರೆ ದಾರಿ ಹುಡುಕಿದರು. ತರಬೇತಿಯಲ್ಲಿ ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

"ಕಟ್ಟಿದ ಮೊದಲ ಮೂರು ದಿನ ಪಟ್ಟಿ ಸಾಲಿಗೆ ಹೋಗ್ತೈತಿ. ಆ ತಾಯಿನ ಅದರ ಪಾಠ. ಆಕಿ ಮೈ ಎಷ್ಟರಮಟ ಏರ್ತೈತಿ, ಎಷ್ಟರಮಟ ಇಳಿತೈತಿ ಅನ್ನೋದನ್ನ ಕಲಿತೈತಿ. ಆಮ್ಯಾಲೆ ಆಕಿ ತನ್ನ ಅಳತಿ ಬಿಟ್ಟು ಹೊರಗ ಹೋದ್ರ ಮಾತ್ರ ಕೂಗ್ತೈತಿ. ಬಾಳ ಅತಿ ಆದ್ರ ಕೂಗಾಕ ಮತ್ತೊಂದು ಗೆರಿ ಮ್ಯಾಲೆ ಐತಿ, ಅದು ಬ್ಯಾರೆ."

"ನಡುವ ಜಳಕಕ್ಕ ಬಿಚ್ಚಿದ್ರ ಸರ್?" ಎಂದು ನಾನು ಕೇಳಿದ್ದೆ.

"ಒಂದೆರಡು ತಾಸು ಕ್ಲಾಸ್ ತಪ್ಪಿದ್ರ ಏನೂ ಆಗಂಗಿಲ್ರಿ. ಸಂಜಿ ಕಾಲೇಜ್ ಕಲತವ್ರು ನೀವ, ನಿಮಗ ಗೊತ್ತಿರಬೇಕಲ್ಲ."

ಎಲ್ಲರೂ ನಕ್ಕಿದ್ದರು. ನನ್ನ ಪಕ್ಕದ ಸಕೀನಾ, "ಗಂಡಸರಿಗೂ ಒಂದು ಪಟ್ಟಿ ಮಾಡ್ರಿ ಸರ್, ಬಾಯಿಗೆ ಕಟ್ಟೋದು" ಎಂದು ಮತ್ತಷ್ಟು ನಗಿಸಿದಳು.

ನಮ್ಮ ಕೇಂದ್ರ ಇರುವುದು ಹಳೆಯ ಹತ್ತಿ ಗೋದಾಮಿನ ಮೇಲಂತಸ್ತಿನಲ್ಲಿ. ಗೋಡೆಯ ಅಗಲಕ್ಕೂ ಒಂದು ಪರದೆ, ಅದರ ಮೇಲೆ ಚುಕ್ಕೆಗಳು, ಒಂದೊಂದು ಚುಕ್ಕೆ ಒಬ್ಬೊಬ್ಬ ತಾಯಿ. ಹಸಿರು, ಹಳದಿ, ಕೆಂಪು. ತಾಯಿಯ ಡಬ್ಬಿಯ ಮೇಲಿನ ಸಣ್ಣ ದೀಪಕ್ಕೂ ಅದೇ ಬಣ್ಣ. ಹಳದಿಯಾದರೆ ನರ್ಸ್ ಹೋಗುತ್ತಾರೆ, ಕೆಂಪಾದರೆ ಆಸ್ಪತ್ರೆಯ ಗಾಡಿ ಹೊರಡುತ್ತದೆ. ಹಸಿರಿದ್ದವರಿಗೆ ದಿನಕ್ಕೊಂದು ಫೋನು. ಆ ಫೋನಿಗೆ ಒಂದು ನಿಯಮವಿದೆ. ಹೆಂಗದೀರಿ ಎಂದು ಕೇಳಿದರೆ ಪ್ರತಿಯೊಬ್ಬ ಬಾಣಂತಿಯೂ "ಕೂಸು ಚಲೋ ಐತ್ರಿ" ಎನ್ನುತ್ತಾಳೆ. ಒಬ್ಬಳೂ ತಪ್ಪದೆ. ಆಗ ನಾವು ಮನಸ್ಸಿನಲ್ಲೇ ಐದು ಎಣಿಸಿ, "ಕೂಸಿಂದಲ್ರಿ, ನಿಮ್ದು ಹೇಳ್ರಿ" ಎನ್ನಬೇಕು. ಐದು ಎಣಿಸುವುದು ಕಷ್ಟ. ಸಕೀನಾ ಯಾವಾಗಲೂ ಮೂರಕ್ಕೇ ಬಾಯಿ ಹಾಕುತ್ತಿದ್ದಳು. ನಾನು ಪೂರ್ತಿ ಐದು ಎಣಿಸುತ್ತಿದ್ದೆ. ಆ ಮೌನದಲ್ಲೇ ಹೆಂಗಸರು ನಿಜ ಹೇಳಲು ಶುರು ಮಾಡುತ್ತಿದ್ದರು. ಕಿಟಕಿಯ ಹತ್ತಿರದ ನನ್ನ ಕುರ್ಚಿ ಕೂತಾಗಲೆಲ್ಲ ಕಿರ್ ಎನ್ನುತ್ತಿತ್ತು. ಐದು ಎಣಿಸುವಷ್ಟು ಹೊತ್ತು ಅದು ಸದ್ದು ಮಾಡದ ಹಾಗೆ ಉಸಿರು ಹಿಡಿದು ಕೂರುತ್ತಿದ್ದೆ. ಕೆಲಸದಲ್ಲಿ ನಾನು ಒಳ್ಳೆಯವಳೇ ಆಗಿದ್ದೆ ಎಂದು ಹೇಳಿಕೊಳ್ಳಲು ನನಗೆ ಈಗ ಮುಜುಗರವಾಗುತ್ತದೆ, ಆದರೂ ಅದು ನಿಜ.

ನನ್ನ ಮೈದುನನ ಹೆಂಡತಿ ರತ್ನಮಾಲಾ ಹೆತ್ತದ್ದು ಹೋದ ಮಾಘ ಮಾಸದಲ್ಲಿ. ಗಂಡುಕೂಸು. ನನ್ನ ಹಾಗೆ ಅವಳಿಗೂ ಅವ್ವ ಇಲ್ಲ, ಹುನಗುಂದದ ಕಡೆ ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು. ಅಂದರೆ ತವರಿನ ವಿಷಯದಲ್ಲಿ ನಾವಿಬ್ಬರು ನೆಗೆಣ್ಣಿಯರು ಸಮಸಮ. ನಮ್ಮ ಬಾಣಂತನಗಳ ನಡುವೆ ಇದ್ದದ್ದು ಆರು ವರ್ಷ ಮಾತ್ರ. ಆ ಆರು ವರ್ಷದಲ್ಲಿ ಪಟ್ಟಿ ಬಂದಿತ್ತು.

ಮೂರನೆಯ ದಿನ ಅವಳು ಆಸ್ಪತ್ರೆಯಿಂದ ಬಂದಳು. ಮಧ್ಯಾಹ್ನ ನರ್ಸ್ ಬಂದು ಪಟ್ಟಿ ಕಟ್ಟಿ, ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಏನೇನು ಕೊಡಬೇಕು, ಎಷ್ಟು ಸಲ ಕೊಡಬೇಕು ಎಂದು ಹೇಳಿ ಹೋದರು. ನಮ್ಮ ಅತ್ತೆ ಶಿವಲಿಂಗವ್ವ ಯಾರಿಗೂ ಅಂಜಿದವಳಲ್ಲ. ಆ ಡಬ್ಬಿಗೆ ಅಂಜಿದಳು. ಅದಕ್ಕೆ ಮಾತು ಕೇಳಿಸುವುದಿಲ್ಲ, ಬರೀ ಮೈ ತಿಳಿಯುತ್ತದೆ ಎಂದು ನಾನು ಎಷ್ಟು ಸಲ ಹೇಳಿದರೂ ನಂಬಲಿಲ್ಲ.

"ಕೇಳಸದಿದ್ರ ಉಂಡ್ರ್ಯಾ ಅಂತ ಹೆಂಗ ಕೇಳ್ತೈತಿ?" ಎಂದಳು.

"ಅದು ನನ್ನ ದನಿ ಅತ್ತಿ. ಮೊದಲ ತುಂಬಿಟ್ಟಾರ."

"ನಿನ್ನ ದನಿ ಇಷ್ಟು ಮಿದು ಎಲ್ಲೈತಿ."

ಬೈಯಬೇಕಾದರೆ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬೈಯುತ್ತಿದ್ದಳು. ರತ್ನಮಾಲಾಳ ಮುಂದೆ ಮಾತ್ರ ಬೆಲ್ಲ. ಅಳವಿ ಪಾಯಸ, ಅಂಟಿನುಂಡಿ, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಹಾಕಿದ ಸಾರು. ಕೊಬ್ಬರಿ ತುರಿಯುವುದು ನನ್ನ ಪಾಲಿನ ಕೆಲಸ. ತುರಿಯುತ್ತ ಕೂತಾಗ ಒಳಗಿನ ಕೋಣೆಯಿಂದ ನನ್ನದೇ ದನಿ ಕೇಳಿಸುತ್ತಿತ್ತು. "ಹೆಂಗದೀರಿ? ಉಂಡ್ರ್ಯಾ?" ರತ್ನಮಾಲಾ ಪ್ರತಿ ಸಲವೂ ಅದಕ್ಕೆ "ಹೂಂನ್ರಿ" ಎಂದು ಉತ್ತರ ಕೊಡುತ್ತಿದ್ದಳು, ಬಾಗಿಲಿನಾಚೆ ನಾನು ಕೂತಿದ್ದೇನೆ ಎಂಬುದು ಗೊತ್ತಿದ್ದೂ.

ಆರು ವರ್ಷದ ಹಿಂದೆ ನನ್ನ ಮಗಳು ಭೂಮಿಕಾ ಹುಟ್ಟಿದಾಗ, ಬಾಣಂತಿ ಬಹಳ ತಿಂದರೆ ಕೂಸಿಗೆ ಹೊಟ್ಟೆ ನೋಯುತ್ತದೆ ಎಂದಿದ್ದಳು ಇದೇ ಅತ್ತೆ. ಹನ್ನೊಂದನೆಯ ದಿನ ರಾಟೆಯನ್ನು ನನ್ನ ಮುಂದೆ ತಂದಿಟ್ಟು, "ಕುಂತ ಮಾಡೋ ಕೆಲಸ, ಇದಕೇನ ದಣಿವು" ಎಂದಳು. ನಮ್ಮ ಮನೆಯ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಕೊಡುವವರು ಬೇರೆ ಯಾರೂ ಇರಲಿಲ್ಲ, ಅದೂ ಸುಳ್ಳಲ್ಲ. ಗೋಣಿಚೀಲ ಹಾಸಿಕೊಂಡು ಕೂತು ಸುತ್ತುತ್ತಿದ್ದೆ. ರಕ್ತ ನಿಂತಿರಲಿಲ್ಲ. ಎದ್ದಾಗ ಚೀಲವನ್ನು ಒಳಮುಖವಾಗಿ ಮಡಚಿ ಹಿತ್ತಲಿಗೆ ಒಯ್ದು ತೊಳೆಯುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಎರಡರಲ್ಲಿ ಯಾವುದು ಮೊದಲು ಎಂದು ನನಗೆ ಇಂದಿಗೂ ಗೊತ್ತಾಗಿಲ್ಲ.

ನಾಲ್ಕನೆಯ ದಿನ ರತ್ನಮಾಲಾಳಿಗೆ ಮೊದಲ ಸಲ ಎರೆದರು. ಅತ್ತೆ ಪಟ್ಟಿ ಬಿಚ್ಚಿ ನನ್ನ ಕೈಗೆ ಕೊಟ್ಟು, "ನೆಲಕ್ಕ ಇಡಬ್ಯಾಡ. ಬೆಚ್ಚಗ ಹಿಡಕೊಂಡಿರು" ಎಂದು ಬಚ್ಚಲಿಗೆ ಹೋದಳು. ಎಣ್ಣೆ, ನೀರು, ಆಮೇಲೆ ಹೊರಸಿನ ಮೇಲೆ ಮಲಗಿಸಿ ಕಾಯಿಸುವುದು, ಎಲ್ಲ ಸೇರಿ ಒಂದೂವರೆ ತಾಸು. ಪಟ್ಟಿಗೆ ಇನ್ನೂ ಅವಳ ಮೈಯ ಬಿಸಿ ಇತ್ತು. ಗಂಡ, ಮೈದುನ ಇಬ್ಬರೂ ನೂಲು ತರಲು ಹೋಗಿದ್ದರು. ಭೂಮಿಕಾ ಶಾಲೆಗೆ ಹೋಗಿದ್ದಳು.

ನಾನು ಮಗ್ಗದ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಸೀರೆಯನ್ನು ಸಡಿಲಿಸಿ ಪಟ್ಟಿಯನ್ನು ಸುತ್ತಿಕೊಂಡು ಗುಂಡಿ ಹಾಕಿದೆ.

"ಹೆಂಗದೀರಿ? ಉಂಡ್ರ್ಯಾ?"

ಅದನ್ನು ಮುದ್ರಿಸುವಾಗ ಹನ್ನೊಂದು ಸಲ ಹೇಳಿದ್ದೆ. ಒಂದು ಸಲವೂ ಅದು ಪ್ರಶ್ನೆ ಎಂದು ನನಗೆ ಅನ್ನಿಸಿರಲಿಲ್ಲ. ಸ್ವಲ್ಪ ಹೊತ್ತಿಗೆ ಸೊಂಟದ ಹತ್ತಿರ ಬೆಚ್ಚಗಾಯಿತು. ಆರು ವರ್ಷದಿಂದ ನೋವು ಹಿಡಿದುಕೊಂಡಿದ್ದ ಜಾಗ ಅದು. ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಯ ಅಂಚಿನಲ್ಲಿ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಅತ್ತದ್ದು ಹಗುರವಾಗಲಿಲ್ಲ, ಇನ್ನಷ್ಟು ಬೇಕೆನ್ನಿಸಿತು. ಅಷ್ಟರಲ್ಲಿ ಬಚ್ಚಲಿನಿಂದ ಅತ್ತೆ ಬಿಸಿನೀರು ಕೇಳಿದಳು. ಪಟ್ಟಿ ಕಟ್ಟಿಕೊಂಡೇ ಎರಡು ಕೊಡ ಹೊತ್ತು ಕೊಟ್ಟೆ, ಕೆಂಡ ಊದಿದೆ. ಅವರು ಹೊರಗೆ ಬರುವ ಹೊತ್ತಿಗೆ ಪಟ್ಟಿ ನನ್ನ ಕೈಯಲ್ಲಿತ್ತು, ಬೆಚ್ಚಗಿತ್ತು. "ಚಲೋ ಹಿಡದಿ ನೋಡ" ಎಂದಳು ಅತ್ತೆ.

ಅದು ಪಟ್ಟಿ ಪಾಠ ಕಲಿಯುವ ಮೂರು ದಿನಗಳಲ್ಲಿ ಒಂದು ಎಂಬುದು ನನಗೆ ಗೊತ್ತಿತ್ತೇ? ಗೊತ್ತಿತ್ತು. ಒಂದೆರಡು ತಾಸು ತಪ್ಪಿದರೆ ಏನೂ ಆಗುವುದಿಲ್ಲ ಎಂದ ಫಕ್ಕೀರೇಶ ಸರ್ ಮಾತನ್ನು ನೆನಪು ಮಾಡಿಕೊಂಡೆ. ಬೇಕಾದಷ್ಟನ್ನು ಮಾತ್ರ ನೆನಪಿಟ್ಟುಕೊಂಡೆ. ಕ್ಲಾಸಿಗೆ ಹೋಗದಿರುವುದು ಬೇರೆ, ಅದೇ ಹೊತ್ತಿನಲ್ಲಿ ಇನ್ನೊಬ್ಬರ ಪಾಠ ಕಲಿತು ಬರುವುದು ಬೇರೆ. ಐದನೆಯ ದಿನವೂ ಕಟ್ಟಿಕೊಂಡೆ, ಆರನೆಯ ದಿನವೂ. ಏಳರಿಂದ ಬಿಟ್ಟೆ. ಬುದ್ಧಿ ಬಂತೆಂದಲ್ಲ, ಪಾಠ ಮುಗಿದ ಮೇಲೆ ಕಟ್ಟಿದರೆ ಹಳದಿಯಾಗಿ ಸಿಕ್ಕಿಬೀಳುತ್ತೇನೆ ಎಂದು.

ಒಂಬತ್ತನೆಯ ದಿನ ಬೆಳಿಗ್ಗೆ ನಾನು ಕೇಂದ್ರಕ್ಕೆ ಹೊರಡುವಾಗ ರತ್ನಮಾಲಾ ಎರಡು ಕೌದಿ ಹೊದ್ದು ಮಲಗಿದ್ದಳು.

"ಚಳಿ ಆಗಾಕತ್ತೈತಿ ಅಕ್ಕಾ," ಎಂದಳು. ಹಲ್ಲು ಸಣ್ಣಗೆ ಕಟಕಟ ಎನ್ನುತ್ತಿದ್ದವು.

ಅತ್ತೆ ಬಗ್ಗಿ ಡಬ್ಬಿ ನೋಡಿದಳು. "ಹಸರ ಐತಲ್ಲ. ಎದಿಹಾಲು ಕಟ್ಟಿರಬೇಕು, ಅದಕ ಚಳಿ. ಕೂಸಿಗೆ ಕುಡಸು."

ನಾನು ಹಣೆ ಮುಟ್ಟಿ ನೋಡಬಹುದಿತ್ತು. ಮುಟ್ಟಲಿಲ್ಲ. ನನಗೆ ಬಂದ ಮೊದಲ ಯೋಚನೆಯನ್ನು ಹಾಗೇ ಹೇಳುತ್ತೇನೆ. ಇಷ್ಟು ಜನ ಸುತ್ತ ನಿಂತರೂ ಇವಳಿಗೆ ಸಾಲದು, ಈಗ ಚಳಿ ಬೇರೆ ಎಂದುಕೊಂಡೆ. ಚಪ್ಪಲಿ ಮೆಟ್ಟಿ ಹೊರಟೆ.

ನಮ್ಮವರ ಚುಕ್ಕೆ ನಮ್ಮ ಪಾಲಿಗೆ ಬರಬಾರದೆಂಬ ನಿಯಮವಿದೆ. ಆದ್ದರಿಂದ ರತ್ನಮಾಲಾ ಸಕೀನಾಳ ಪಾಲಿನವಳು. ಹನ್ನೆರಡೂವರೆಗೆ ಸಕೀನಾ ಫೋನು ಮಾಡಿದ್ದು ನನಗೆ ಕೇಳಿಸುತ್ತಿತ್ತು. "ಕೂಸಿಂದಲ್ರಿ, ನಿಮ್ದು ಹೇಳ್ರಿ." ಮೂರಕ್ಕೇ ಕೇಳಿದ್ದಳು. ಆಮೇಲೆ, "ಚಳಿ ಏನ್ರೀ? ಕಿಟಕಿ ಹಾಕ್ಕೊಳ್ರಿ. ಹಸರ ಅದೀರಿ, ಏನೂ ಅಂಜಬ್ಯಾಡ್ರಿ." ಬರೆದುಕೊಂಡು ಮುಂದಿನ ಫೋನಿಗೆ ಹೋದಳು. ಅವಳ ತಪ್ಪಿಲ್ಲ. ಪರದೆ ಹಸಿರೆಂದರೆ ಹಸಿರು.

ನಾನು ಎದ್ದು ನೀರು ಕುಡಿಯುವ ನೆಪದಲ್ಲಿ ಅವಳ ಹಿಂದೆ ಹೋಗಿ ನಿಂತೆ. ರತ್ನಮಾಲಾಳ ಚುಕ್ಕೆಯ ಕೆಳಗೆ ಅಂಕಿಗಳಿದ್ದವು. ನಾಡಿ ನೂರಾ ಹನ್ನೆರಡು. ಮೈಬಿಸಿಯೂ ಏರಿತ್ತು. ಅದರ ಪಕ್ಕದಲ್ಲಿ ಪಟ್ಟಿ ತಾನು ಕಲಿತ ಅಳತೆಯನ್ನು ತೋರಿಸುತ್ತಿತ್ತು. ಈ ತಾಯಿಯ ನಾಡಿ ನೂರಾ ಹದಿನಾಲ್ಕರವರೆಗೆ ಹೋಗುವುದು ಸಹಜ, ಕೆಂಡದ ಬಿಸಿಯೂ ಸಹಜ.

ಪಾಪ, ರತ್ನಮಾಲಾ ಮಲಗಿದ್ದಲ್ಲಿ ಎಂಬತ್ತು ದಾಟುವವಳಲ್ಲ. ನೂರಾ ಹದಿನಾಲ್ಕು ನನ್ನದು. ಕೊಡ ಹೊತ್ತವಳದು, ಕೆಂಡ ಊದಿದವಳದು. ಅವಳು ಸುಡುತ್ತಿದ್ದಾಳೆ, ಪಟ್ಟಿ ಅದನ್ನು ನಾನು ಎಂದು ತಿಳಿದು ಸುಮ್ಮನಿದೆ.

ನನ್ನ ಕುರ್ಚಿಗೆ ಬಂದು ಕೂತೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಮತ್ತೆ ಮೂರು ಫೋನು ಮಾಡಿದೆ. ಮೂವರಿಗೂ ಐದೈದು ಎಣಿಸಿದೆ. ಮುಂಡರಗಿಯ ಹೆಂಗಸೊಬ್ಬಳು, "ನಿಮ್ಮ ದನಿ ಇವತ್ತು ನಡಗಾಕತ್ತೈತಲ್ರಿ ಅಕ್ಕಾರ" ಎಂದಳು. ಇಪ್ಪತ್ತು ನಿಮಿಷ ಆಗಿತ್ತು.

"ಸಕೀನಾ, ರತ್ನಾಗ ಗಾಡಿ ಕಳಸು," ಎಂದೆ.

"ಹಸರಿಗೆ ಗಾಡಿ ಬಿಡಂಗಿಲ್ಲ. ನಿನಗ ಗೊತ್ತಿಲ್ಲೇನ?"

"ಮುಂಜಾನೆ ನಾ ನೋಡೀನಿ. ನಡಗಾಕತ್ತಿದ್ಲು."

"ನಿನ್ನ ನೆಗೆಣ್ಣಿ ಅಂತ ಬಿಡ್ಲಿ? ನಾಳೆ ಎಲ್ಲಾರೂ ಕೇಳ್ತಾರ. ಡಾಕ್ಟರು ಬರದು ಕೊಡಬೇಕು, ಕಾರಣ ಹಾಕಿ." ನನ್ನ ಮುಖ ನೋಡಿ ದನಿ ತಗ್ಗಿಸಿದಳು. "ಏನ ಕಾರಣ ಐತಿ ಕಸ್ತೂರಿ?"

ಮುಕ್ತಾ ಮೇಡಂ ತಮ್ಮ ಕೋಣೆಯಲ್ಲಿ ರೊಟ್ಟಿ ತಿನ್ನುತ್ತಿದ್ದರು. ಬಾಗಿಲಲ್ಲೇ ನಿಂತು ಹೇಳಿದೆ. ರತ್ನಮಾಲಾಗೆ ಜ್ವರ ಬಂದಿದೆ, ಪಟ್ಟಿಗೆ ಗೊತ್ತಾಗುತ್ತಿಲ್ಲ, ಯಾಕೆಂದರೆ ಅದನ್ನು ನಾನು ಕಟ್ಟಿಕೊಂಡಿದ್ದೆ.

"ಎಷ್ಟು ಹೊತ್ತು?"

"ದಿನಾ ಒಂದೂವರಿ ತಾಸು ಮೇಡಂ. ಕಲಿಯೋ ಮೂರು ದಿನಾನೂ."

ಅವರು ಕೈಯಲ್ಲಿದ್ದ ತುತ್ತನ್ನು ಡಬ್ಬಿಯಲ್ಲಿಟ್ಟು ಫೋನು ಎತ್ತಿಕೊಂಡರು. ಗಾಡಿಗೆ ಹೇಳಿದರು, ಆಸ್ಪತ್ರೆಗೆ ಹೇಳಿದರು. ಆಮೇಲೆ ನನ್ನ ಕಡೆ ನೋಡಿ, "ಯಾಕ ಅಂತ ಆಮ್ಯಾಲೆ ಕೇಳ್ತೀನಿ. ಗಾಡಿ ಹತ್ತು" ಎಂದರು.

ಓಣಿಯಲ್ಲಿ ಗಾಡಿ ನಿಂತಾಗ ಮನೆಗಳ ಮಗ್ಗಗಳೆಲ್ಲ ಒಂದೊಂದಾಗಿ ನಿಂತವು. ರತ್ನಮಾಲಾ ಆಗಲೇ ಮಾತು ತೊದಲುತ್ತಿದ್ದಳು, ನನ್ನನ್ನು ಚಿಕ್ಕಮ್ಮ ಎಂದು ಕರೆದಳು. ಅತ್ತೆ ಒಂದೇ ಸಮನೆ, "ಹಸರ ಐತಲ್ರೀ, ನೋಡ್ರಿ, ಇನ್ನೂ ಹಸರ ಐತಿ" ಎಂದು ನರ್ಸಿಗೆ ಡಬ್ಬಿ ತೋರಿಸುತ್ತಿದ್ದಳು. ಮೈದುನ ಬರಿಗಾಲಲ್ಲೇ ಗಾಡಿ ಹತ್ತಿದ. ಕಟ್ಟೆಗಳ ಮೇಲೆ ನಿಂತವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವಳು ಸಾಯುತ್ತಾಳೇನೋ ಎಂದು ನನಗೆ ಭಯವಾಗಿತ್ತು. ಅಂಥ ಹೊತ್ತಿನಲ್ಲೂ ಆ ಹರಳು ಒಂದು ಸಲ ಒತ್ತಿತು. ಇಷ್ಟು ಮಂದಿ ನನಗಾಗಿ ಬಾಗಿಲಿಗೆ ಬಂದಿದ್ದಿಲ್ಲ ಎಂದು. ಮನುಷ್ಯರ ಮನಸ್ಸು ಹೀಗೂ ಇರುತ್ತದೆಯೋ, ನನ್ನದು ಮಾತ್ರವೋ, ನನಗೆ ತಿಳಿಯದು.

ಹೆರಿಗೆಯಲ್ಲಿ ಪೂರ್ತಿ ಬೀಳದ ಮಾಸಿನ ಚೂರೊಂದು ಒಳಗುಳಿದು ನಂಜಾಗಿತ್ತು. ಅದನ್ನು ತೆಗೆದು, ಎರಡು ದಿನ ನರಕ್ಕೆ ಔಷಧಿ ಹಾಕಿದರು. ಮೂರನೆಯ ದಿನ ಅವಳು ಎದ್ದು ಕೂತು ಗಂಜಿ ಕುಡಿದಳು. ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ವಿಷಯ ಗೊತ್ತಿರಲಿಲ್ಲ. ಪಟ್ಟಿ ಕೆಟ್ಟಿತ್ತು ಎಂದು ತಿಳಿದಿದ್ದರು. ಬೈಗುಳವೆಲ್ಲ ಫಕ್ಕೀರೇಶ ಸರ್ ಪಾಲಿಗೆ ಹೋಗುತ್ತಿತ್ತು. ಅದನ್ನು ಕೇಳುತ್ತ ಕೂರಲು ನನ್ನಿಂದಾಗಲಿಲ್ಲ. ಅತ್ತೆ ಇದ್ದಾಗಲೇ ಹೇಳಿದೆ.

ರತ್ನಮಾಲಾ ಕೂಸಿನ ತಲೆ ಸವರಿದಳು. ಕೂಸು ಅವಳ ಎದೆಯಲ್ಲಿ ನಿದ್ದೆ ಹೋಗಿತ್ತು.

"ನಾ ಚಳಿ ಅಂದಾಗ ನಿನಗ ಗೊತ್ತಿತ್ತೇನ ಅಕ್ಕಾ?"

"ಆವಾಗ ಇಲ್ಲ. ಮಧ್ಯಾಹ್ನ ಗೊತ್ತಾತು."

"ಗೊತ್ತಾದ ಕೂಡ್ಲೇ ಹೇಳಿದ್ಯಾ?"

ನಾನು ಸುಮ್ಮನಿದ್ದೆ. ಐದು ಎಣಿಸುವಷ್ಟು ಹೊತ್ತು ಅವಳೂ ಸುಮ್ಮನಿದ್ದಳು.

"ಇಪ್ಪತ್ತು ನಿಮಿಷ," ಎಂದೆ.

ಅವಳು ಕೂಸಿನ ಕುಂಚಿಗೆ ಸರಿಪಡಿಸಿದಳು. "ಕೇಳಿದ್ರ ಬಿಚ್ಚಿ ಕೊಡ್ತಿದ್ದೆ," ಎಂದಳು. "ಇನ್ನ ಮ್ಯಾಲೆ ನನ್ನ ಕೂಸಿನ ಎತ್ತಬ್ಯಾಡ." ದನಿ ಏರಿಸಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು.

ಹೊರಗೆ ಮೊಗಸಾಲೆಯಲ್ಲಿ ಅತ್ತೆ ನನ್ನ ಪಕ್ಕದಲ್ಲಿ ಬಂದು ಕೂತಳು. ಬೈಗುಳಕ್ಕೆ ಕಾಯುತ್ತಿದ್ದೆ. ಇಲ್ಲಿ ಅವಳು ಅಂಜಲು ಡಬ್ಬಿಯೂ ಇರಲಿಲ್ಲ. ಅವಳು ಎಲೆಯಡಿಕೆಯ ಚೀಲ ಬಿಚ್ಚಿದಳು, ಆಸ್ಪತ್ರೆ ಎಂದು ನೆನಪಾಗಿ ಮತ್ತೆ ಕಟ್ಟಿದಳು.

"ನಾನೂ ಒಂದಿನ ಕಟ್ಕೊಂಡ ನೋಡಿದ್ದೆ," ಎಂದಳು.

"ಏನ ಅತ್ತಿ?"

"ಆಸ್ಪತ್ರಿಂದ ಬಂದ ದಿನ. ನರ್ಸು ತಂದು ಇಟ್ಟು, ಕೈ ತೊಳ್ಯಾಕ ಹೋಗಿದ್ಲು. ನನ್ನ ಹೊಟ್ಟಿಗೆ ಸಾಲಲಿಲ್ಲ." ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡಳು. "ಆರು ಹಡದೀನಿ. ನಿನ್ನ ಗಂಡನ್ನ ಹಡಿಯೋ ದಿನ ಮಧ್ಯಾಹ್ನದ ತನಕ ರಾಟಿ ಮುಂದನ ಇದ್ದೆ. ಯಾರಿಗೆ ಹೇಳಲಿ."

ಅವಳ ಮೇಲೆ ನನಗಿದ್ದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯದೆ ಹಾಗೇ ಕೂತೆ.

ಕೇಂದ್ರದಲ್ಲಿ ವಿಚಾರಣೆಯಾಯಿತು. ನನ್ನನ್ನು ಫೋನಿನ ಕೆಲಸದಿಂದ ತೆಗೆದು ಪಟ್ಟಿ ಒಗೆಯುವ ಕೋಣೆಗೆ ಹಾಕಿದರು. ಬಾಣಂತಿಯರಿಂದ ಮರಳಿ ಬಂದ ಪಟ್ಟಿಗಳನ್ನು ಬಿಸಿನೀರಿನಲ್ಲಿ ಕುದಿಸಿ ಒಣಗಿಸುವ ಕೆಲಸ. ನನ್ನ ಕಿಟಕಿಯ ಕುರ್ಚಿ ಸಕೀನಾಳಿಗೆ ಹೋಯಿತು. ಅದಕ್ಕೂ ಹೊಟ್ಟೆ ಉರಿಯಿತು. ಮೂರಕ್ಕೇ ಬಾಯಿ ಹಾಕುವವಳಿಗೆ ಆ ಕುರ್ಚಿಯೇ ಎಂದು. ಇನ್ನು ಮೇಲೆ ಬಿಚ್ಚಿದ ಪಟ್ಟಿ ಆ ತಾಯಿ ತನ್ನ ಹೆಬ್ಬೆರಳು ಒತ್ತದೆ ಕಲಿಯದ ಹಾಗೆ ಫಕ್ಕೀರೇಶ ಸರ್ ಬದಲಾಯಿಸಿದರು. ರತ್ನಮಾಲಾಳ ಪಟ್ಟಿಯನ್ನು ಅಳಿಸಿ ಮೊದಲಿನಿಂದ ಕಲಿಸಿದರು.

ಅಳಿಸುವ ಮೊದಲು ಅವರು ಆ ಮೂರು ದಿನದ ಲೆಕ್ಕದಿಂದ ನನ್ನ ತಾಸುಗಳನ್ನು ಬಿಡಿಸಿ ಬೇರೆ ಇಟ್ಟಿದ್ದರು. ಒಂದು ದಿನ ಮುಕ್ತಾ ಮೇಡಂ ನನ್ನನ್ನು ಕರೆಸಿದರು. ಪರದೆಯ ಮೇಲೆ ಎರಡು ಗೆರೆಗಳಿದ್ದವು. ಒಂದು ರತ್ನಮಾಲಾಳದು, ಶಾಂತವಾಗಿತ್ತು. ಇನ್ನೊಂದು ಮೇಲೆ ಮೇಲೆ ಕುಣಿಯುತ್ತಿತ್ತು.

"ಇದನ್ನಷ್ಟ ಮೊದಲ ವರ್ಷದ ಒಂದ ಗೆರಿ ಪಟ್ಟಿಗೆ ತೋರಿಸಿದ್ರ ಏನಾಗ್ತಿತ್ತು ಅಂತ ಸರ್ ನೋಡ್ಯಾರ," ಎಂದರು ಮೇಡಂ. "ಮೊದಲನೇ ತಾಸಿಗೆ ಕೆಂಪು. ನಿನ್ನ ರಕ್ತ ನೋಡಬೇಕು."

ರಕ್ತದ ಅಂಶ ಏಳಿತ್ತು. ಹನ್ನೆರಡು ಇರಬೇಕಂತೆ. ಒಳಗೆ ಜಾರಿದ ಗರ್ಭಕೋಶವೂ ಇತ್ತು. ಅದಕ್ಕೆಲ್ಲ ಔಷಧಿ, ಆಸ್ಪತ್ರೆ ಎಂದು ಬರೆದುಕೊಟ್ಟರು. ಆಮೇಲೆ ಒಂದು ಹೊಸ ಪಟ್ಟಿ ತೆಗೆದು ಮೇಜಿನ ಮೇಲಿಟ್ಟು, "ಯಾಕ ಅಂತ ಕೇಳ್ತೀನಿ ಅಂದಿದ್ದೆ" ಎಂದರು. "ಕೇಳೋ ಕೆಲಸ ನಂದಲ್ಲ ಅನಸ್ತು. ಇದರದು. ಹೆಸರು ಹಾಕ್ರಿ ಸರ್."

ಫಕ್ಕೀರೇಶ ಸರ್ ನನ್ನ ಹೆಸರು ಬರೆದರು. ಹೆರಿಗೆಯಾಗಿ ಎಷ್ಟು ದಿನ ಎಂಬಲ್ಲಿ ಎರಡು ಸಾವಿರದ ಇನ್ನೂರು ಚಿಲ್ಲರೆ ಹಾಕಿದರು. ಯಂತ್ರ ಒಪ್ಪಲಿಲ್ಲ. ಮತ್ತೆ ಹಾಕಿದರು. ಒಪ್ಪಲಿಲ್ಲ.

"ನಲವತ್ತೆರಡು ಹಾಕೀನ್ರಿ," ಎಂದರು. "ಅದಕಿಂತ ಹೆಚ್ಚಿಗಿ ಹೇಳಿದ್ರ ಅದು ನಂಬವಲ್ದು."

ನಲವತ್ತೆರಡೆಂದರೆ ಕೊನೆಯ ದಿನ. ಅಂದರೆ ನನಗೆ ಸಿಕ್ಕುವುದು ಒಂದೇ ದಿನ, ಒಂದೇ ಫೋನು.

ಮರುದಿನ ರಜೆ ಹಾಕಿದೆ. ಭೂಮಿಕಾಳಿಗೆ ಜಡೆ ಹೆಣೆದು ಶಾಲೆಗೆ ಕಳಿಸಿದೆ. ರತ್ನಮಾಲಾಳ ಕೋಣೆಯ ಬಾಗಿಲು ಮುಚ್ಚಿತ್ತು, ಒಳಗೆ ಕೂಸು ಅಳುವುದು ಕೇಳಿಸುತ್ತಿತ್ತು, ನಾನು ಹೋಗಲಿಲ್ಲ. ಮಗ್ಗದ ಕೋಣೆಯಲ್ಲಿ ಕೂತು ಪಟ್ಟಿ ಕಟ್ಟಿಕೊಂಡೆ. ನನ್ನ ದನಿ ನನ್ನನ್ನು ಹೆಂಗದೀರಿ ಎಂದು ಕೇಳಿತು. ಅದಕ್ಕೆ ಉತ್ತರ ಕೊಡಲಿಲ್ಲ. ಹನ್ನೊಂದೂವರೆಗೆ ಫೋನು ಬಂತು. ಮೊದಲು ಕೇಳಿಸಿದ್ದು ಕುರ್ಚಿಯ ಕಿರ್ ಎನ್ನುವ ಸದ್ದು.

"ನಮಸ್ಕಾರ್ರೀ, ತವರು ಕೇಂದ್ರದಿಂದ ಸಕೀನಾ ಮಾತಾಡಾಕತ್ತೀನಿ," ಎಂದಳು, ಬೇರೆ ಎಲ್ಲರಿಗೂ ಹೇಳುವ ಹಾಗೆಯೇ. "ಹೆಂಗದೀರಿ?"

"ಮಗಳು ಸಾಲಿಗೆ ಹೋಗ್ಯಾಳ್ರಿ," ಎಂದೆ. "ಚಲೋ ಅದಾಳ."

ಆ ಕಡೆ ಸದ್ದು ನಿಂತಿತು. ನಾನು ಎಣಿಸತೊಡಗಿದೆ. ಒಂದು, ಎರಡು, ಮೂರು. ಅವಳು ಬಾಯಿ ಹಾಕಲಿಲ್ಲ. ನಾಲ್ಕು. ಕುರ್ಚಿಯೂ ಕಿರುಗುಟ್ಟಲಿಲ್ಲ. ಐದು.

"ಮಗಳದಲ್ರಿ," ಎಂದಳು ಸಕೀನಾ. "ನಿಮ್ದು ಹೇಳ್ರಿ."

ನಾನು ಗೋಣಿಚೀಲದಿಂದ ಶುರು ಮಾಡಿದೆ.